ರಾಣಿಯವರು ಮನ್ಯಾಗ ಅದಾರೇನ್ರಿ?

ಕಾಕು ನಮ್ಮ ಮನೆಗೆ ಸೊಸೆಯಾಗಿ ಬಂದ ವರ್ಷ ನನಗೆ ಒಂಬತ್ತು ತುಂಬಿತ್ತು. ಸೊಲ್ಲಾಪುರದ ಹಳೆಯ ಪೇಟೆಯಲ್ಲಿ ನಮ್ಮದು ಬಟ್ಟೆ ಅಂಗಡಿ. ಅಂಗಡಿಯ ಹಿಂದೆ ಸಣ್ಣ ಅಂಗಳ, ಅದನ್ನು ದಾಟಿದರೆ ಮನೆ. ಮನೆಯಲ್ಲಿ ಆಯಿ, ಅಪ್ಪ, ಅವ್ವ, ಕಾಕಾ, ನಾನು, ನನ್ನ ತಮ್ಮ. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತೇವೆ. ಅಪ್ಪನ ತಮ್ಮ ಕಾಕಾ, ಅವನ ಹೆಂಡತಿ ಕಾಕು. ಅವಳ ತವರು ಕೊಲ್ಹಾಪುರ. ನಮ್ಮ ಪೈಕಿಯವರೇ, ದೇವರು ಅಡಿಗೆ ಎಲ್ಲ ಒಂದೇ, ಮಾತು ಮಾತ್ರ ಮರಾಠಿ.

ಅವಳೂ ನಮ್ಮ ಅಜ್ಜಿಯನ್ನು ಆಯಿ ಎಂದೇ ಕರೆದಳು. ಅವಳ ಮಾತಿನಲ್ಲಿ ಆಯಿ ಅಂದರೆ ತಾಯಿ. ಶಬ್ದ ಒಂದೇ ಆದದ್ದರಿಂದ ಯಾರೂ ಅದನ್ನು ತಿದ್ದಲಿಲ್ಲ. ಆದರೆ ಆ ಶಬ್ದವೊಂದನ್ನು ಬಿಟ್ಟರೆ ಅತ್ತೆ ಸೊಸೆಯರ ನಡುವೆ ಬೇರೆ ಮಾತೇ ಇರಲಿಲ್ಲ. ಆಯಿಗೆ ಮರಾಠಿ ತಿಳಿಯುತ್ತಿತ್ತು, ಆದರೆ ಆಡುತ್ತಿರಲಿಲ್ಲ. "ನನ್ನ ನಾಲಿಗಿ ಹೊಳ್ಳೂದಿಲ್ಲ" ಅನ್ನುತ್ತಿದ್ದಳು. ಕಾಕುವಿಗೆ ಕನ್ನಡ ಕಿವಿಗೂ ಹೊಸದು. ಆಯಿ ಏನಾದರೂ ಹೇಳಿದರೆ ಸೆರಗು ಸರಿಮಾಡಿಕೊಂಡು ನಗುತ್ತಿದ್ದಳು. ಆಯಿ ಬೇಳೆ ಕೇಳಿರುತ್ತಿದ್ದಳು, ಕಾಕು ಬೆಲ್ಲ ತಂದುಕೊಡುತ್ತಿದ್ದಳು. ಆಯಿ ಬೈಯುತ್ತಿರಲಿಲ್ಲ. ಬೆಲ್ಲವನ್ನು ತಾನೇ ಒಳಗಿಟ್ಟು, ಬೇಳೆಯನ್ನು ತಾನೇ ತೆಗೆದುಕೊಂಡು ಹೋಗುತ್ತಿದ್ದಳು. ಅದು ಬೈಗುಳಕ್ಕಿಂತ ಕಠಿಣವಾಗಿತ್ತು.

ನಾನೂ ತಮ್ಮನೂ ಮರಾಠಿ ಸಾಲಿಗೆ ಹೋಗುವವರು. ಕಾಕುವಿನೊಡನೆ ನಮಗೆ ಮಾತಿನ ತೊಡಕಿರಲಿಲ್ಲ. ಆದರೂ ಅವಳು ನಮ್ಮೊಡನೆಯೂ ಹೆಚ್ಚು ಮಾತಾಡುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಅಂಗಳದ ಕಟ್ಟೆಯ ಮೇಲೆ ಕೂತು, ಹೆಂಚಿನ ಅಂಚಿನಾಚೆ ಕಾಣುವ ಬೋಳು ಆಕಾಶವನ್ನು ನೋಡುತ್ತಿದ್ದಳು. ಒಮ್ಮೆ ನಾನು ಏನು ನೋಡುತ್ತೀ ಎಂದು ಕೇಳಿದಾಗ, "ನಮ್ಮೂರಲ್ಲಿ ಆಕಾಶ ಇಷ್ಟು ದೂರ ಇರುವುದಿಲ್ಲ" ಎಂದು ಮರಾಠಿಯಲ್ಲಿ ಹೇಳಿದಳು.

ಸೊಲ್ಲಾಪುರದ ಬೇಸಿಗೆಯ ಮಧ್ಯಾಹ್ನಗಳು ಹೇಗಿರುತ್ತಿದ್ದವೆಂದರೆ, ಊಟವಾದ ಮೇಲೆ ಇಡೀ ಊರು ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಅಪ್ಪ ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಗಾದಿಯ ಮೇಲೇ ಒರಗುತ್ತಿದ್ದ. ಅವ್ವ ನಡುಮನೆಯ ಶಹಾಬಾದಿ ಕಲ್ಲಿನ ಫರಸಿಗೆ ನೀರು ಚಿಮುಕಿಸಿ ಕಿಟಕಿಗೆ ಒದ್ದೆ ಚಾದರ ಕಟ್ಟುತ್ತಿದ್ದಳು. ಚಾದರ ಒಣಗುವವರೆಗೆ ಮನೆಯಲ್ಲಿ ಹಸಿ ನೂಲಿನ ವಾಸನೆ. ಅದರ ಬಣ್ಣದ ಪಟ್ಟೆಗಳ ಮೂಲಕ ಬರುವ ಬೆಳಕು ನೆಲದ ಮೇಲೆ ಕೆಂಪು, ಹಸಿರಾಗಿ ಅಲ್ಲಾಡುತ್ತಿತ್ತು. ದೂರದಲ್ಲಿ ಮಗ್ಗಗಳ ಸದ್ದು ನಿಲ್ಲದೆ ಕೇಳುತ್ತಿತ್ತು. ನಾವು ಮಕ್ಕಳು ಹೊರಗೆ ಹೋಗುವಂತಿಲ್ಲ, ಗದ್ದಲ ಮಾಡುವಂತಿಲ್ಲ. ಆಯಿ ಗೋಡೆಯ ಕಡೆಗೆ ಮುಖ ಮಾಡಿ ಮಲಗುತ್ತಿದ್ದಳು.

ಅಂಥ ಒಂದು ಮಧ್ಯಾಹ್ನ ಕಾಕು ಕತ್ತರಿ ಹಿಡಿದು ರಟ್ಟು ಕತ್ತರಿಸುತ್ತ ಕೂತಿದ್ದನ್ನು ನೋಡಿದೆ. ಅಂಗಡಿಗೆ ಬರುವ ಶರ್ಟುಗಳ ಮಡಿಕೆಯಲ್ಲಿ ಇರುತ್ತಿದ್ದ ಬಿಳಿ ರಟ್ಟು ಅದು. ಕಾಕಾ ಅವಳಿಗೆ ಒಂದು ಕಟ್ಟು ತಂದುಕೊಟ್ಟಿದ್ದ. ಇಸ್ಪೀಟಿನಂತೆ ಅಂಗೈಯಗಲದ ಎಲೆಗಳನ್ನು ಕತ್ತರಿಸಿ, ಅಂಚುಗಳನ್ನು ನೆಲಕ್ಕೆ ಉಜ್ಜಿ ನುಣುಪು ಮಾಡಿ, ಅವುಗಳ ಮೇಲೆ ಚಿತ್ರ ಬರೆಯತೊಡಗಿದಳು. ಬಣ್ಣಕ್ಕೆ ಅರಿಸಿನ, ಕುಂಕುಮ, ಕಾಡಿಗೆ, ಬಿಳಿ ಬಟ್ಟೆಗೆ ಹಾಕುವ ನೀಲಿ. ಹಸಿರು ಬೇಕಾದಾಗ ಅರಿಸಿನಕ್ಕೆ ನೀಲಿ ಬೆರೆಸಿದಳು. ಕುಂಚವಿರಲಿಲ್ಲ. ಕಡ್ಡಿಪೆಟ್ಟಿಗೆಯ ಕಡ್ಡಿಗೆ ಹತ್ತಿ ಸುತ್ತಿ ಬರೆದಳು.

ಕಾಕು ಚಿಕ್ಕವಳಿದ್ದಾಗ ಕೊಲ್ಹಾಪುರದ ಮಳೆಗಾಲದಲ್ಲಿ ಮನೆಯಿಂದ ಹೊರಗೆ ಕಾಲಿಡಲು ಆಗದ ದಿನಗಳಲ್ಲಿ ಅಕ್ಕತಂಗಿಯರೆಲ್ಲ ಇಂಥದೊಂದು ಆಟ ಕಟ್ಟಿಕೊಂಡಿದ್ದರಂತೆ. ಇಲ್ಲಿ ಬಿಸಿಲಿಗೆ ಹೊರಗೆ ಹೋಗಲಾಗುವುದಿಲ್ಲ, ಅಷ್ಟೇ ವ್ಯತ್ಯಾಸ ಎಂದಳು.

ಆಟದಲ್ಲಿ ಆರು ರಾಜ್ಯಗಳಿದ್ದವು. ಪ್ರತಿಯೊಂದಕ್ಕೂ ರಾಜ, ರಾಣಿ, ಕುದುರೆ, ಹಕ್ಕಿ, ಬಾಗಿಲು ಎಂದು ಐದು ಎಲೆ. ಐದನ್ನೂ ಕೂಡಿಸಿದವರಿಗೆ ಆ ರಾಜ್ಯ. ಮುಗಿಲ ರಾಜ್ಯದ ಕುದುರೆಗೆ ಕಾಲುಗಳಿರಲಿಲ್ಲ, ಬೇಕಾಗಿರಲಿಲ್ಲ. ನೂಲಿನ ರಾಜ್ಯದ ರಾಜನ ರುಮಾಲು ಎಷ್ಟು ಉದ್ದವಿತ್ತೆಂದರೆ ಅದು ಎಲೆಯ ಅಂಚು ದಾಟಿ ಹಿಂಬದಿಗೂ ಹೋಗಿತ್ತು. ಹಾಗಾಗಿ ಅವನು ಯಾರ ಕೈಯಲ್ಲಿದ್ದಾನೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ನಿದ್ದೆಯ ರಾಜ್ಯದಲ್ಲಿ ರಾಜ ಮಲಗಿದ್ದ, ಕುದುರೆ ಮಲಗಿತ್ತು, ಹಕ್ಕಿ ರೆಕ್ಕೆಯೊಳಗೆ ತಲೆ ಇಟ್ಟಿತ್ತು, ರಾಣಿಯೊಬ್ಬಳೇ ಕಣ್ಣು ತೆರೆದು ಕೂತಿದ್ದಳು. ಅವಳಿಗೆ ಏಕೆ ನಿದ್ದೆ ಇಲ್ಲ ಎಂದು ತಮ್ಮ ಕೇಳಿದ. ಎಲ್ಲರೂ ಮಲಗಿದರೆ ಮನೆ ಕಾಯುವವರು ಯಾರು ಎಂದು ಕಾಕು ಹೇಳಿದಳು. ಇನ್ನು ಬೆಳದಿಂಗಳ ರಾಜ್ಯ, ಮಳೆಯ ರಾಜ್ಯ, ಬಾವಿಯ ಕೆಳಗಿನ ರಾಜ್ಯ. ಮಳೆಯ ರಾಜ್ಯದ ಎಲೆಗಳಲ್ಲಿ ಮಾತ್ರ ಖಾಲಿ ಜಾಗವೇ ಇರಲಿಲ್ಲ. ಕಾಡಿಗೆಯ ಓರೆ ಗೆರೆಗಳು ತುಂಬಿ, ರಾಜ ಎಲ್ಲಿ ಬಾಗಿಲು ಎಲ್ಲಿ ಎಂದು ಹುಡುಕಬೇಕಾಗುತ್ತಿತ್ತು.

ಆಟವನ್ನು ಕನ್ನಡದಲ್ಲಿ ಆಡಬೇಕೆಂದು ಕೇಳಿದವಳು ಕಾಕುವೇ. ಅವ್ವ ಅವಳಿಗೆ ಮಾತು ಕಲಿಸಿದಳು. ಕೈಯಲ್ಲಿರುವ ಎಲೆಗಳಿಗೆ ಮನೆ ಅನ್ನಬೇಕು. ಬೇಕಾದ ಎಲೆಯನ್ನು ಯಾರ ಬಳಿಯಾದರೂ ಹೀಗೆ ಕೇಳಬೇಕು:

"ಮುಗಿಲ ರಾಜ್ಯದ ರಾಣಿಯವರು ನಿಮ್ಮ ಮನ್ಯಾಗ ಅದಾರೇನ್ರಿ?"

ಇದ್ದರೆ, "ಅದಾರ, ಕರಕೊಂಡ್ ಹೋಗ್ರಿ" ಎಂದು ಎಲೆ ಕೊಡಬೇಕು. ಇಲ್ಲದಿದ್ದರೆ, "ಇಲ್ರಿ, ಊರಿಗಿ ಹೋಗ್ಯಾರ." ಆಗ ಕೇಳಿದವರು ನಡುವಿನ ಕಟ್ಟಿನಿಂದ ಒಂದು ಎಲೆ ಎತ್ತಿಕೊಳ್ಳಬೇಕು.

"ಯಾರಿಗೆ ಕೇಳಿದ್ರೂ 'ರಿ' ಹಚ್ಚಿ ಕೇಳು. ಹೊಸ ಸೊಸಿ ಅದೀ, 'ರಿ' ಹಚ್ಚಿದ್ರ ಎಲ್ಲ್ಯೂ ತಪ್ಪಾಗೂದಿಲ್ಲ" ಎಂದು ಅವ್ವ ಹೇಳಿಕೊಟ್ಟಳು.

ಕಾಕು ಆ ಮಾತನ್ನು ಬಿಗಿಯಾಗಿ ಹಿಡಿದುಕೊಂಡಳು. ನಾಲ್ಕೈದು ದಿನಗಳಲ್ಲಿ ಹಾಲಿನ ಗೌಳಿಗಿತ್ತಿ ಬಂದಾಗ ಕಾಕು ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತು, ಧೈರ್ಯ ತಂದುಕೊಂಡು ಕೇಳಿದಳು, "ಹಾಲಿನವರು ನಿಮ್ಮ ಮನ್ಯಾಗ ಅದಾರೇನ್ರಿ?"

ಗೌಳಿಗಿತ್ತಿ ಒಂದು ಕ್ಷಣ ಅವಳ ಮುಖ ನೋಡಿದಳು. ಆಮೇಲೆ ಕೊಡದ ಮೇಲಿನ ಬಟ್ಟೆ ಸರಿಸಿ, "ಅದಾರ್ರಿ ಬಾಯಿ, ಈಗಽ ಎಮ್ಮಿ ಮನಿಂದ ಬಂದಾರ" ಎಂದಳು.

ಅವ್ವ ಅಡಿಗೆಮನೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಕಾಕುವಿಗೆ ತಪ್ಪೇನೆಂದು ತಿಳಿಯಲಿಲ್ಲ, ತಾನು ಕೇಳಿದ್ದಕ್ಕೆ ಉತ್ತರ ಬಂತೆಂಬ ಸಂತೋಷ ಮಾತ್ರ ಇತ್ತು. ಆ ಬೇಸಿಗೆ ಪೂರ್ತಿ ಬೆಕ್ಕೂ ನೀರಿನ ಕೊಡವೂ ಜೋಳದ ಹಿಟ್ಟೂ ನಮ್ಮ ಮನೆಯಲ್ಲಿ ದೊಡ್ಡವರಾಗಿ ಮರ್ಯಾದೆ ಪಡೆದವು.

ಆಯಿ ಮಾತ್ರ ಆಟಕ್ಕೆ ಒಪ್ಪಿರಲಿಲ್ಲ. ಮೊದಲ ದಿನವೇ, "ವ್ಯಾಪಾರದವರ ಮನ್ಯಾಗ ಪತ್ತೆ ಆಡಬಾರದು" ಎಂದು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಇವು ಇಸ್ಪೀಟು ಅಲ್ಲ, ಚಿತ್ರಗಳು ಎಂದು ಅವ್ವ ಸಮಾಧಾನ ಹೇಳಿದ್ದಳು. ನಾವು ದನಿ ತಗ್ಗಿಸಿ ಆಡುತ್ತಿದ್ದೆವು. ಹಾಗೆ ಪಿಸುಮಾತಿನಲ್ಲಿ ರಾಜರು, ರಾಣಿಯರು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತಿದ್ದರೆ, ಅರ್ಧ ನಿದ್ದೆಯಲ್ಲಿ ನನಗೆ ಅವರ ಹೆಜ್ಜೆಯ ಸಪ್ಪಳ ಕೇಳಿದಂತೆ ಆಗುತ್ತಿತ್ತು. ಚಾದರದ ಬಣ್ಣದ ಬೆಳಕು ಎಲೆಗಳ ಮೇಲೆ ಸರಿದಾಗ ಮುಗಿಲ ರಾಜ್ಯ ಒಮ್ಮೆ ಕೆಂಪು, ಒಮ್ಮೆ ಹಸಿರು.

ಒಂದು ದಿನ ತಮ್ಮ ನನ್ನ ಬಳಿ ಬಾವಿಯ ಕೆಳಗಿನ ರಾಜ್ಯದ ಕುದುರೆ ಕೇಳಿದ. ನನ್ನ ಬಳಿ ಇರಲಿಲ್ಲ. ಅವನು ಮುಖ ಸಣ್ಣ ಮಾಡಿದ. ಆಗ ಗೋಡೆಯ ಕಡೆಯಿಂದ ಆಯಿಯ ದನಿ ಬಂತು.

"ಅಕಿ ಹಂತ್ಯಾಕ ಎಲ್ಲೈತೋ ಹುಚ್ಚಾ. ಆವಾಗಽ ನಿಮ್ಮವ್ವ ಒಯ್ದಾಳ. ಅವ್ವಗ ಕೇಳು."

ನಾವೆಲ್ಲ ಆ ಕಡೆ ತಿರುಗಿ ನೋಡಿದೆವು. ಆಯಿ ತಿರುಗಿರಲಿಲ್ಲ, ಕಣ್ಣೂ ತೆರೆದಿರಲಿಲ್ಲ. ಎಷ್ಟು ದಿನಗಳಿಂದ ಅವಳು ಹಾಗೆ ಮಲಗಿ ಆಟವನ್ನೆಲ್ಲ ಕಿವಿಯಲ್ಲೇ ಆಡುತ್ತಿದ್ದಳೋ! ಅವ್ವ ಕೈಯಲ್ಲಿದ್ದ ಎಲೆ ನೋಡಿಕೊಂಡು, "ಹೌದು, ನನ್ನ ಹಂತ್ಯಾಕ ಐತಿ" ಎಂದಳು.

ಕಾಕು ಎದ್ದು ಹೋಗಿ ಆಯಿಯ ಹಾಸಿಗೆಯ ಪಕ್ಕದಲ್ಲಿ ಕೂತಳು. "ಆಯಿ, ಆಟಕ್ಕ ಬರ್ತೀರೇನ್ರಿ?" ಎಂದು ಕೇಳಿದಳು. ಅದು ಅವಳಿಗೆ ಯಾರೂ ಹೇಳಿಕೊಟ್ಟ ವಾಕ್ಯವಾಗಿರಲಿಲ್ಲ. ತಾನೇ ಕೂಡಿಸಿಕೊಂಡಿದ್ದಳು.

ಆಯಿ ಮೊಣಕಾಲು ಹಿಡಿದುಕೊಂಡು ಎದ್ದು ಕೂತಳು. "ಎಲ್ಲಿ, ಕೊಡ್ರಿ ಇಲ್ಲೆ" ಎಂದಳು.

ಒಂದು ರಾಜ್ಯ ಪೂರ್ತಿಯಾದವರಿಗೆ ಉಳಿದವರು, "ಏನ್ ನೋಡಿ ಬಂದ್ರಿ?" ಎಂದು ಕೇಳಬೇಕು. ಅವರು ಆ ರಾಜ್ಯದಲ್ಲಿ ಕಂಡದ್ದನ್ನು ಹೇಳಬೇಕು. ಅದಿಲ್ಲದೆ ರಾಜ್ಯ ಅವರದಾಗುವುದಿಲ್ಲ. ತಮ್ಮ ಯಾವ ರಾಜ್ಯಕ್ಕೆ ಹೋದರೂ ಅಲ್ಲಿ ಜಿಲೇಬಿ ತಿಂದು ಬರುತ್ತಿದ್ದ. ಮುಂದೊಂದು ದಿನ ಊರಲ್ಲಿ ಬಂದ್ ಆಗಿ ಅಂಗಡಿ ಮುಚ್ಚಿದ್ದಾಗ ಅಪ್ಪನೂ ಆಟಕ್ಕೆ ಕೂತು ಬೆಳದಿಂಗಳ ರಾಜ್ಯ ಗೆದ್ದ. ಏನ್ ನೋಡಿ ಬಂದ್ರಿ ಎಂದು ಕೇಳಿದರೆ ಬಹಳ ಹೊತ್ತು ಗಡ್ಡ ಕೆರೆದುಕೊಂಡು, "ಅಲ್ಲೆ ಅಂಗಡಿ ಇಲ್ಲ. ಮಂದಿ ಸುಮ್ಮ ಬರ್ತಾರ, ಕುಂದರ್ತಾರ, ಹೋಗ್ತಾರ" ಎಂದ. ಅಪ್ಪ ಅಂಥದೊಂದು ಕನಸು ಇಟ್ಟುಕೊಂಡಿದ್ದಾನೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲವೇನೋ.

ಆಯಿ ಮೊದಲು ಗೆದ್ದದ್ದು ಬಾವಿಯ ಕೆಳಗಿನ ರಾಜ್ಯವನ್ನು. ನಾವು ಕೇಳಿದೆವು. ಆಯಿ ಎಲೆಗಳನ್ನು ಮಡಿಲಲ್ಲಿ ಇಟ್ಟುಕೊಂಡು ಹೇಳತೊಡಗಿದಳು.

"ಅಕ್ಕಲಕೋಟದಾಗ ನಮ್ಮ ತವರಮನಿ ಹಿಂದ ಒಂದು ಬಾವಿ ಐತಿ, ಮೆಟ್ಟಿಲ ಬಾವಿ. ಅದರ ಕೆಳಗ ಒಂದ್ ಊರು ಐತಿ ಅಂತ ನಮ್ಮವ್ವ ಹೇಳ್ತಿದ್ಳು. ಅಲ್ಲೆ ಯಾವಾಗ್ಲೂ ಸಂಜಿ. ಆ ಊರಿನ ಹುಡುಗೂರು ಅಂಗಾತ ಮಲಗಿ ನಮ್ಮನ್ನ ನೋಡ್ತಾವಂತ, ನಾವು ಮುಗಿಲಾಗಿನ ಚಿಕ್ಕಿ ನೋಡಿದ್ಹಾಂಗ. ನಾ ದಿನಾ ಬಗ್ಗಿ ನೋಡ್ತಿದ್ದೆ. ಒಬ್ಬ ಹುಡುಗಿ ಇರ್ತಿದ್ಳು, ನನ್ನ ವಾರಗಿಯಾಕಿ. ನಾ ನಕ್ರ ನಗಾಕಿ. ಮುಂದ ನನ್ನ ಲಗ್ನಾ ಆತು. ಸೊಲ್ಲಾಪುರಕ್ಕ ಹೊಂಟ ದಿನ ಅಕಿಗಿ ಹೇಳಿ ಬರಬೇಕಂತ ಹೋದೆ. ನೋಡಿದ್ರ ಅಕೀನೂ ಹಣಿಗಿ ಮದಿಮಗಳ ದಂಡಿ ಕಟಗೊಂಡು ಬಂದಾಳ. ಅಕೀದೂ ಅವತ್ತಽ ಲಗ್ನ ಆಗಿತ್ತು. ಅಕಿ ಕಣ್ಣಾಗೂ ನೀರು."

ತಮ್ಮ ಏನೋ ಕೇಳಲು ಬಾಯಿ ತೆರೆದ. ಅವ್ವ ಅವನ ತೊಡೆ ಚಿವುಟಿದಳು. ಕಾಕುವಿಗೆ ಎಲ್ಲ ಮಾತೂ ತಿಳಿದಿರಲಿಕ್ಕಿಲ್ಲ. ತಿಳಿಯದ್ದನ್ನು ಕೇಳಲೂ ಇಲ್ಲ. ಅವಳು ಆಯಿಯ ಮಡಿಲಿನಿಂದ ಎಲೆಗಳನ್ನು ಒಂದೊಂದಾಗಿ ತೆಗೆದುಕೊಂಡಳು. ತೆಗೆದುಕೊಳ್ಳುವಾಗ ಆಯಿಯ ಬೆರಳುಗಳನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದಳು.

ಆ ಬಾವಿಯನ್ನು ನೋಡಬೇಕೆಂದು ಕಾಕು ಹಟ ಹಿಡಿದಳು. ಅದು ಅವಳು ನಮ್ಮ ಮನೆಯಲ್ಲಿ ಮಾಡಿದ ಮೊದಲ ಹಟ. ಸಾಲಿ ಶುರುವಾಗುವ ಮೊದಲು ಒಂದು ದಿನ ಆಯಿ, ಕಾಕು, ನಾನು, ತಮ್ಮ ಕರಜಗಿಗೆ ಹೋಗುವ ಎಸ್.ಟಿ. ಬಸ್ಸು ಹತ್ತಿ ಅಕ್ಕಲಕೋಟದಲ್ಲಿ ಇಳಿದೆವು. ಬಸ್ಸಿನ ತುಂಬ ಕನ್ನಡ ಮಾತು. ಕಾಕು ಕಿಟಕಿಯ ಪಕ್ಕ ಕೂತು ಎಲ್ಲರ ಮಾತನ್ನೂ ಕದ್ದು ಕೇಳುತ್ತ, ತಿಳಿದ ಶಬ್ದ ಬಂದಾಗಲೆಲ್ಲ ನನ್ನ ಮೊಣಕೈ ಮುಟ್ಟುತ್ತಿದ್ದಳು.

ಆಯಿಯ ತವರುಮನೆಯಲ್ಲಿ ಈಗ ಅವಳ ಅಣ್ಣನ ಮಗ ಇದ್ದ. ಮನೆಗೆ ನಳ ಬಂದಿತ್ತು. ಬಾವಿಯ ಹತ್ತಿರ ಯಾರೂ ಹೋಗುತ್ತಿರಲಿಲ್ಲ. "ಅಲ್ಲೇನೈತಿ ಅತ್ಯಾ, ಬರೇ ಪಾರಿವಾಳ" ಎಂದು ಅವನು ನಕ್ಕ. ಆದರೂ ಹಿತ್ತಲಿನ ಬಾಗಿಲು ತೆಗೆದುಕೊಟ್ಟ.

ಹೊರಗೆ ಬಿಸಿಲು ಸುರಿಯುತ್ತಿತ್ತು. ಕಲ್ಲಿನ ಕಮಾನಿನ ಕೆಳಗೆ ಕೆಲವು ಮೆಟ್ಟಿಲು ಇಳಿದದ್ದೇ ತಡ, ಬೇರೆ ಹವೆ. ಪಾರಿವಾಳಗಳ ಗುಟುಕು ದನಿ ಗೋಡೆಗೆ ತಾಕಿ ದೊಡ್ಡದಾಗಿ ಮರಳುತ್ತಿತ್ತು. ಬೇಸಿಗೆಯಾದ್ದರಿಂದ ನೀರು ತಳದಲ್ಲಿ, ಹಸಿರು ಗಾಜಿನಂತೆ ನಿಂತಿತ್ತು. ಕಾಕು ಒಂದು ಕೈಯಿಂದ ಆಯಿಯನ್ನು, ಇನ್ನೊಂದು ಕೈಯಿಂದ ತಮ್ಮನನ್ನು ಹಿಡಿದುಕೊಂಡು ಇಳಿದಳು. ನೀರಿಗೆ ಸ್ವಲ್ಪ ಮೇಲೆ ಅಗಲವಾದ ಒಂದು ಮೆಟ್ಟಿಲಿತ್ತು. ಅಲ್ಲೇ ಕೂತೆವು. ಕಾಕು ಚೀಲದಿಂದ ಎಲೆಗಳನ್ನು ತೆಗೆದಳು. ತರುವ ವಿಷಯ ನಮಗೆ ಹೇಳಿರಲಿಲ್ಲ.

ಆ ಆಟದಲ್ಲಿ ಯಾರು ಗೆದ್ದರು ಎಂದು ನೆನಪಿಲ್ಲ. ನಾವು ಕೇಳಿದ ಪ್ರಶ್ನೆಯನ್ನೇ ಬಾವಿ ಇನ್ನೊಮ್ಮೆ ಕೇಳುತ್ತಿತ್ತು. ರಾಣಿಯವರು ಮನ್ಯಾಗ ಅದಾರೇನ್ರಿ ಅಂದರೆ, ಸ್ವಲ್ಪ ಹೊತ್ತಿನ ಮೇಲೆ ಕೆಳಗಿನಿಂದ, ಅದಾರೇನ್ರಿ, ಏನ್ರಿ. ತಮ್ಮನಿಗೆ ಅದು ಬಹಳ ಹಿಡಿಸಿ ಮತ್ತೆ ಮತ್ತೆ ಕೂಗಿದ. ಅವನ ಕೂಗಿಗೆ ಪಾರಿವಾಳಗಳು ಒಮ್ಮೆಲೇ ಎದ್ದವು. ರೆಕ್ಕೆಗಳ ಗಾಳಿಗೆ ಕಾಕು ಮುಖ ಮುಚ್ಚಿಕೊಂಡಳು. ಅವಳ ಕೈಯಿಂದ ಒಂದು ಎಲೆ ಹಾರಿ, ಸುಳಿದು ಸುಳಿದು ನೀರಿನ ಮೇಲೆ ಬಿತ್ತು.

ಅದು ಬಾವಿಯ ಕೆಳಗಿನ ರಾಜ್ಯದ ರಾಣಿ. ಮುಖ ಮೇಲಾಗಿ ತೇಲುತ್ತಿದ್ದಳು. ನಾವು ನೋಡುತ್ತಿದ್ದಂತೆ ಅವಳ ಸೀರೆಯ ನೀಲಿ ಸಣ್ಣ ಹೊಗೆಯ ಹಾಗೆ ನೀರಿಗೆ ಬಿಟ್ಟುಕೊಂಡಿತು. ಆಮೇಲೆ ಕುಂಕುಮ. ಎಲೆ ಬೆಳ್ಳಗಾಗುತ್ತ ನಿಧಾನವಾಗಿ ಒಳಗೆ ಹೋಯಿತು. ತಮ್ಮ ಅಳತೊಡಗಿದ.

"ಅಳಬ್ಯಾಡ. ಅಕಿ ತನ್ನ ಊರಿಗಿ ಹೋದ್ಳು" ಎಂದಳು ಆಯಿ. ಆಮೇಲೆ ಬಗ್ಗಿ ನೀರಿನಲ್ಲಿ ನೋಡಿದಳು. ಕಾಕುವೂ ಅವಳ ಭುಜದ ಪಕ್ಕ ಬಗ್ಗಿದಳು. ನೀರು ಅಲ್ಲಾಡುತ್ತಿದ್ದುದರಿಂದ ಕೆಳಗೆ ಎರಡು ಮುಖ ಇದ್ದವೋ ಒಂದೇ ಇತ್ತೋ ನನಗೆ ಸರಿಯಾಗಿ ಕಾಣಲಿಲ್ಲ. ಇಬ್ಬರೂ ಬಹಳ ಹೊತ್ತು ಹಾಗೇ ನೋಡುತ್ತಿದ್ದರು. ಊಟಕ್ಕೆ ಕರೆಯಲು ಅಣ್ಣನ ಮಗ ಬಂದಾಗಲೇ ಎದ್ದದ್ದು.

ಮುಂದಿನ ವರ್ಷ ಕಾಕು ಹೆರಿಗೆಗೆ ಕೊಲ್ಹಾಪುರಕ್ಕೆ ಹೋದಳು. ಹೋಗುವಾಗ ಎಲೆಗಳನ್ನು ಆಯಿಯ ಕೈಯಲ್ಲಿ ಕೊಟ್ಟು ಹೋದಳು. ಕಳೆದುಹೋದ ರಾಣಿಯನ್ನು ಅವಳು ಮತ್ತೆ ಬರೆದಿರಲಿಲ್ಲ. ಆ ರಾಣಿಯನ್ನು ಕೇಳಿದವರಿಗೆ ನಾವೆಲ್ಲ, "ಊರಿಗಿ ಹೋಗ್ಯಾರ" ಎಂದೇ ಉತ್ತರ ಕೊಡುತ್ತಿದ್ದೆವು. ಆ ರಾಜ್ಯ ಯಾರಿಗೂ ಸಿಗುತ್ತಿರಲಿಲ್ಲ. ಕಾಕು ಇಲ್ಲದ ಮನೆಯಲ್ಲಿ ಆಟ ರುಚಿಸಲಿಲ್ಲ. ಎರಡು ಸುತ್ತು ಆಡುವಷ್ಟರಲ್ಲಿ ಆಯಿಯೇ ಎಲೆ ಕೆಳಗಿಡುತ್ತಿದ್ದಳು.

ಒಂದು ಮಧ್ಯಾಹ್ನ ಆಯಿ ನನಗೆ ಒಂದು ರಟ್ಟು ಕತ್ತರಿಸಿ ಕೊಡು ಎಂದಳು. ಆಯಿ ಎಂದೂ ಪೆನ್ಸಿಲ್ ಹಿಡಿದವಳಲ್ಲ. ಆದರೆ ಬಾಗಿಲಲ್ಲಿ ರಂಗೋಲಿ ಹಾಕಲು ಕೂತರೆ ಓಣಿಯವರು ನಿಂತು ನೋಡಿ ಹೋಗುತ್ತಿದ್ದರು. ಕಡ್ಡಿಯನ್ನು ಕಾಡಿಗೆಯಲ್ಲಿ ಅದ್ದಿ ರಟ್ಟಿನ ಮೇಲೆ ಚುಕ್ಕಿ ಇಟ್ಟಳು, ಸಾಲಾಗಿ. ಆಮೇಲೆ ಚುಕ್ಕಿಗಳನ್ನು ಸುತ್ತಿ ಗೆರೆ ಎಳೆದಳು. ಗೆರೆ ಎಲ್ಲಿಯೂ ತುಂಡಾಗದೆ ಸುತ್ತಿ ಬಂದು ಮೊದಲ ಚುಕ್ಕಿಗೇ ಕೂಡಿತು.

ತಮ್ಮ ಬಗ್ಗಿ ನೋಡಿ, "ಇದು ರಾಣಿ ಅಲ್ಲ, ಕಂದೀಲು" ಎಂದ.

"ನೀರಾಗ ಇರಾಕಿ ಹಿಂಗಽ ಕಾಣ್ತಾಳ" ಎಂದು ಆಯಿ ಹೇಳಿ, ಉಳಿದ ನೀಲಿಯನ್ನೆಲ್ಲ ಅದರ ಮೇಲೆ ಬಳಿದಳು.

ಮಳೆಗಾಲದಲ್ಲಿ ಕೊಲ್ಹಾಪುರದಿಂದ ತಾರು ಬಂತು, ಹೆಣ್ಣುಮಗು. ತೊಟ್ಟಿಲ ಕಾರ್ಯಕ್ಕೆ ತಾನೇ ಹೋಗುತ್ತೇನೆಂದು ಆಯಿ ಹೊರಟು ನಿಂತಳು. ಅಪ್ಪನಿಗೆ ಆಶ್ಚರ್ಯ. ಅವಳು ಸೊಲ್ಲಾಪುರ ಬಿಟ್ಟು ಹೋದದ್ದೆಂದರೆ ಅಕ್ಕಲಕೋಟಕ್ಕೆ ಮಾತ್ರ.

"ಅಲ್ಲೆ ಎಲ್ಲಾರೂ ಮರಾಠಿ ಮಾತಾಡ್ತಾರಬೇ. ನೀ ಹ್ಯಾಂಗ್ ಮಾಡ್ತಿ?" ಎಂದ ಅಪ್ಪ.

"ಹುಡುಗಿ ಬರ್ತಾಳ ನನ್ನ ಜೋಡಿ. ಅಕಿ ಹೇಳ್ತಾಳ" ಎಂದು ಆಯಿ ನನ್ನ ಕಡೆ ಕೈ ಮಾಡಿದಳು.

ಹೀಗೆ ನಾನು ಆಯಿಯ ಮರಾಠಿಯಾಗಿ, ಕಾಕಾ ಸಾಮಾನು ಹೊರುವವನಾಗಿ ರೈಲಿನಲ್ಲಿ ಹೊರಟೆವು. ಆಯಿಯ ಚೀಲದಲ್ಲಿ ಮಗುವಿನ ಕುಂಚಿಗೆ, ಸಜ್ಜೆಯ ರೊಟ್ಟಿ, ಶೇಂಗಾ ಹಿಂಡಿ, ಮತ್ತು ಆ ಎಲೆಗಳ ಕಟ್ಟು. ಮಿರಜ ದಾಟಿದ ಮೇಲೆ ಹೊಲಗಳು ಹಸಿರಾದವು, ಆಮೇಲೆ ಕಿಟಕಿಯ ಹೊರಗೆ ಏನೂ ಕಾಣದಾಯಿತು. ನಾನು ಅಂಥ ಮಳೆ ನೋಡಿರಲಿಲ್ಲ. ಅದು ಬೀಳುತ್ತಿರಲಿಲ್ಲ, ಇತ್ತು. ಗೋಡೆ ಇದ್ದಂತೆ, ಮರ ಇದ್ದಂತೆ. ಆಯಿ ಕಿಟಕಿಯ ಸರಳು ಹಿಡಿದುಕೊಂಡು ಕೂತವಳು ಕೊಲ್ಹಾಪುರ ಬರುವವರೆಗೆ ಮಳೆಯಿಂದ ಕಣ್ಣು ತೆಗೆಯಲಿಲ್ಲ.

ಕಾಕುವಿನ ತವರುಮನೆ ಕೆರೆಯ ಹತ್ತಿರ. ನಾವು ಟಾಂಗಾದಿಂದ ಇಳಿಯುವಾಗ ಆಯಿಯ ಸೀರೆ ತೊಯ್ದು ತೊಪ್ಪೆಯಾಗಿತ್ತು. ಕಾಕುವಿನ ತಾಯಿ ಬಾಗಿಲಿಗೆ ಬಂದು ಮರಾಠಿಯಲ್ಲಿ ಏನೇನೋ ಉಪಚಾರ ಹೇಳಿದಳು. ಆಯಿ ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನ ಕೋಣೆಯಿಂದ ಕಾಕುವಿನ ದನಿ ಕೇಳಿತು, ಅಚ್ಚ ನಮ್ಮೂರಿನ ಕನ್ನಡ:

"ಆಯಿ, ಒಳಗ ಬರ್ರಿ. ಮದಲ ಸೀರಿ ಬದಲಿ ಮಾಡ್ರಿ, ನೆಗಡಿ ಆದೀತು. ನನ್ನ ಟ್ರಂಕಿನಾಗ ಮ್ಯಾಲಽ ಅದಾವ ನೋಡ್ರಿ, ಹಸರ ಸೀರಿ ತಗೋರಿ."

ತಾಯಿ ಒಳಗೆ ತಿರುಗಿ ಮಗಳನ್ನು ಬೇರೆ ಯಾರನ್ನೋ ನೋಡುವಂತೆ ನೋಡಿದಳು. ಆಯಿ ಹಸಿರು ಸೀರೆ ಉಟ್ಟು ಬಂದು ಕಾಕುವಿನ ಹಾಸಿಗೆಯ ಮೇಲೆ ಕೂತು, ಮಗುವನ್ನು ಎತ್ತಿಕೊಂಡಳು. ಅದರ ಮುಖದ ಹತ್ತಿರ ಬಗ್ಗಿ, ನಾಲಿಗೆ ಹೊರಳದವಳು, "ಯೇ ಗ ಮಾಝಿ ಬಾಯಿ, ಯೇ" ಎಂದಳು. ಬಾ ನನ್ನವ್ವ, ಬಾ. ಕಾಕು ನಗುತ್ತ ನಗುತ್ತ ದಿಂಬಿಗೆ ಮುಖ ಒರೆಸಿಕೊಂಡಳು.

ನಾವು ಅಲ್ಲಿದ್ದ ಅಷ್ಟೂ ದಿನ ನನಗೆ ಕೆಲಸವೇ ಬೀಳಲಿಲ್ಲ. ಆಯಿಯ ಮಾತನ್ನು ಕಾಕುವೇ ತನ್ನ ತಾಯಿಗೆ ಮರಾಠಿಯಲ್ಲಿ ಹೇಳುತ್ತಿದ್ದಳು, ತಾಯಿಯ ಮಾತು ಆಯಿಗೆ ಹೇಗೂ ತಿಳಿಯುತ್ತಿತ್ತು. ಕೆಲವೊಮ್ಮೆ ಅವಳು ಹೇಳುವ ಮೊದಲೇ ಇಬ್ಬರು ಮುದುಕಿಯರೂ ನಕ್ಕುಬಿಡುತ್ತಿದ್ದರು. ಆಯಿ ಬರೆದ ರಾಣಿಯನ್ನು ಕಾಕು ಬಹಳ ಹೊತ್ತು ಬೆಳಕಿಗೆ ಹಿಡಿದು ನೋಡಿ, ಕಟ್ಟಿನಲ್ಲಿ ಸೇರಿಸಿದಳು. ಮಧ್ಯಾಹ್ನ ಅಕ್ಕತಂಗಿಯರೆಲ್ಲ ಸುತ್ತ ಕೂತು ಆಡಿದರು, ಅವರು ಮರಾಠಿಯಲ್ಲಿ, ಆಯಿ ಕನ್ನಡದಲ್ಲಿ. ನಾನು ಕಿಟಕಿಯಲ್ಲಿ ಕೂತು ಕೆರೆಯನ್ನು ನೋಡುತ್ತಿದ್ದೆ. ಕೆರೆಯ ನೀರು ಎಲ್ಲಿ ಮುಗಿದು ಮಳೆ ಎಲ್ಲಿ ಶುರುವಾಗುತ್ತದೆಂದು ಗೊತ್ತಾಗುತ್ತಿರಲಿಲ್ಲ.

ಊರಿಗೆ ಮರಳಿದ ಮೇಲೆ ಆಯಿಗೆ ನಿಜವಾಗಿಯೂ ನೆಗಡಿಯಾಯಿತು. ಬಂದವರಿಗೆಲ್ಲ ಅದನ್ನು ದೊಡ್ಡ ಸುದ್ದಿಯಂತೆ ಹೇಳಿದಳು. "ಕೊಲ್ಹಾಪುರದ ಮಳಿದು ಇದು, ಇಲ್ಲಿದು ಅಲ್ಲ" ಎಂದು ಸೀನಿದಳು. ದಸರೆಗೆ ಕಾಕು ಮಗುವನ್ನು ಕರೆದುಕೊಂಡು ಬಂದಳು. ಆ ಮಗು ನಮ್ಮ ಮನೆಯಲ್ಲಿ ಮಾತು ಕಲಿಯುವಾಗ ಅಜ್ಜಿಗೂ ಆಯಿ, ತಾಯಿಗೂ ಆಯಿ ಅನ್ನುತ್ತಿತ್ತು. ಕರೆದರೆ ಇಬ್ಬರೂ ಓ ಅನ್ನುತ್ತಿದ್ದರು.